ಬೇಸಿಗೆಯ ಬಿರುಗಾಳಿ: ಎಚ್ಚರಿಕೆಯನ್ನು ಓದುವುದು ಹೇಗೆ?



ಅಶ್ವಿನಿ, ಭರಣಿ ಮಳೆ ಅಂದರೆ ನಮಗೆಲ್ಲ ಖುಷಿ. ಗಾಳಿ ಎದ್ದರೆ ಸಾಕು, ಬಿದ್ದ ಕಾಯಿ ಆರಿಸೋಕೆ ಮಾವಿನ ತೋಪಿಗೆ ಓಡುತ್ತೇವೆ. ಕೊಂಬೆ ಮುರಿಯುವುದೂ ಸಿಡಿಲು ಹೊಡೆಯುವುದೂ ಅದೇ ಹೊತ್ತಿನಲ್ಲೇ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೋಗಿ. ಕಾಯಿ ಎಲ್ಲಿಗೂ ಓಡಿಹೋಗಲ್ಲ.

ಈ ಗಾಳಿ ಎಲ್ಲಿಂದ ಬರುತ್ತದೆ? ಏಪ್ರಿಲ್, ಮೇ ತಿಂಗಳಲ್ಲಿ ನೆಲ ಚೆನ್ನಾಗಿ ಕಾಯುತ್ತದೆ. ಬಿಸಿಯಾದ ತೇವದ ಗಾಳಿ ಮೇಲೇರಿ ಹತ್ತು ಕಿ.ಮೀ.ಗೂ ಎತ್ತರದ ಮೋಡವಾಗುತ್ತದೆ. ಮಳೆ, ಆಲಿಕಲ್ಲು ಬೀಳುವಾಗ ಜೊತೆಗೆ ತಣ್ಣನೆಯ ಗಾಳಿಯೂ ಕೆಳಗೆ ಬಂದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಗೆ ಮೊದಲು ಧೂಳೆಬ್ಬಿಸಿಕೊಂಡು ಬರುವ ಆ ತಂಪು ಗಾಳಿ ಇದೇ. ಅದು ಮುಖಕ್ಕೆ ತಾಗಿದರೆ ಮೋಡ ಹತ್ತಿರ ಬಂದಿದೆ ಅಂತಲೇ ಲೆಕ್ಕ.

ಹವಾಮಾನ ಇಲಾಖೆ ಜಿಲ್ಲೆವಾರು ಎಚ್ಚರಿಕೆ ಕೊಡುತ್ತದೆ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. "ಗಂಟೆಗೆ 40-50 ಕಿ.ಮೀ. ಗಾಳಿ" ಎಂದು ಓದಿ, ಬಸ್ಸಿನ ವೇಗ ತಾನೇ ಎಂದು ಕೆಲವರು ನಗುತ್ತಾರೆ. ಆದರೆ ವೇಗ ಎರಡರಷ್ಟಾದರೆ ಗಾಳಿ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ! 30ಕ್ಕೆ ಅಲುಗುವ ಶೀಟು 60ಕ್ಕೆ ಹಾರಬಹುದು. ತೆರೆದ ಬಾಗಿಲಿಂದ ನುಗ್ಗಿದ ಗಾಳಿ ಶೀಟನ್ನು ಒಳಗಿನಿಂದ ಎತ್ತುತ್ತದೆ, ಮೇಲೆ ಬೀಸುವ ಗಾಳಿ ಎಳೆಯುತ್ತದೆ. ಆದ್ದರಿಂದ ಬಾಗಿಲು, ಕಿಟಕಿ ಮುಚ್ಚಿ. ಶೀಟಿನ ಮೇಲೆ ಕಲ್ಲು ಹೇರುವುದು ನಮ್ಮ ಕಡೆ ರೂಢಿ. ಶೀಟು ಎದ್ದರೆ ಆ ಕಲ್ಲೇ ತಲೆ ಮೇಲೆ ಬೀಳುತ್ತದೆ, ಬೋಲ್ಟು ಹಾಕಿ ಬಿಗಿಸುವುದೇ ಸರಿ.

ಎಲ್ಲವೂ ಎಷ್ಟು ಬೇಗ ಆಗುತ್ತದೆ ನೋಡಿ. 2023ರ ಮೇ 21ರಂದು ಬೆಂಗಳೂರಿನಲ್ಲಿ ಆಲಿಕಲ್ಲು ಮಳೆ, ಗಾಳಿಗೆ ಮರಗಳು ಉರುಳಿದವು. ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ತುಂಬಿದ ನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬರು ತೀರಿಕೊಂಡರು.

ಮಿಂಚು ಕಂಡ ಕೂಡಲೇ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತು ಎಣಿಸುವಷ್ಟರಲ್ಲಿ ಗುಡುಗಿದರೆ ಒಳಗೆ ಹೋಗಿ. ಕುರಿ ಮೇಯಿಸೋರು ಹುಣಸೆ ಮರದಡಿ ನಿಲ್ಲಲೇಬಾರದು. ಹತ್ತಿರ ಮನೆಯಿಲ್ಲದಿದ್ದರೆ ಮರ, ಕಂಬದಿಂದ ದೂರ, ತಗ್ಗಿನಲ್ಲಿ, ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು. ಬಸ್ಸು ಸಿಕ್ಕರೆ ಹತ್ತಿಬಿಡಿ, ಅದು ಮರಕ್ಕಿಂತ ಎಷ್ಟೋ ಮೇಲು.

ಮಳೆ ನಿಂತ ಮೇಲೆ ದಾರಿಯಲ್ಲಿ ವಿದ್ಯುತ್ ತಂತಿ ಬಿದ್ದಿದ್ದರೆ ಕೋಲಿನಿಂದಲೂ ಮುಟ್ಟಬೇಡಿ, ದನಗಳನ್ನು ಆ ಕಡೆ ಬಿಡಬೇಡಿ. ದೊಡ್ಡವರಿಗೆ ಹೇಳಿ ಬೆಸ್ಕಾಂನ 1912ಕ್ಕೆ ಫೋನ್ ಮಾಡಿಸಿ.