ಬಾಸ್ಟನ್‌ನಲ್ಲಿ ಪುಕ್ಕಟೆ ಸಾಮಾನು ಸಿಗುವ ದಿನ

ಪ್ರಶ್ನೆ: ಮಗಳು ಎಂ.ಎಸ್. ಓದಲು ಆಗಸ್ಟ್‌ನಲ್ಲಿ ಬಾಸ್ಟನ್‌ಗೆ ಹೊರಟಿದ್ದಾಳೆ. ಗೆಳತಿಯರು ಸೇರಿ ಹಿಡಿದ ಬಾಡಿಗೆ ಮನೆಯಲ್ಲಿ ಕೂರಲು ಒಂದು ಕುರ್ಚಿಯೂ ಇಲ್ಲವಂತೆ. ಅಲ್ಲಿ ಹಳೆಯ ಸಾಮಾನನ್ನು ಜನ ಪುಕ್ಕಟೆ ಕೊಡುವ ದಿನವೊಂದಿದೆ ಎಂದು ಕೇಳಿದೆ. ನಿಜವೇ? ಯಾರೋ ಬಿಟ್ಟುಹೋದದ್ದನ್ನು ಮನೆಗೆ ತರಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜ, ಆ ದಿನ ಸೆಪ್ಟೆಂಬರ್ 1. ಬಾಸ್ಟನ್ ವಿಶ್ವವಿದ್ಯಾಲಯಗಳ ಊರು. ಓದಿನ ವರ್ಷ ಸೆಪ್ಟೆಂಬರ್ ಹೊತ್ತಿಗೆ ಶುರುವಾಗುವುದರಿಂದ ಅಲ್ಲಿನ ಬಹುಪಾಲು ಬಾಡಿಗೆ ಕರಾರುಗಳು ಆಗಸ್ಟ್ 31ಕ್ಕೆ ಮುಗಿದು ಮರುದಿನ ಹೊಸಬರಿಗೆ ಶುರುವಾಗುತ್ತವೆ. ಸಾವಿರಾರು ಮಂದಿ ಒಟ್ಟಿಗೇ ಮನೆ ಖಾಲಿ ಮಾಡುವಾಗ ಗಾಡಿಗೆ ಹಿಡಿಸದ ಮೇಜು, ಪುಸ್ತಕದ ಕಪಾಟು, ದೀಪ, ಪಾತ್ರೆಗಳೆಲ್ಲ ಫುಟ್‌ಪಾತಿಗೆ ಬರುತ್ತವೆ. ವಿದ್ಯಾರ್ಥಿಗಳೇ ತುಂಬಿರುವ ಆಲ್‌ಸ್ಟನ್ ಬಡಾವಣೆಯಲ್ಲಿ ಇದರ ಭರಾಟೆ ಎಷ್ಟೆಂದರೆ, ಊರಿನವರು ಇದನ್ನು ‘ಆಲ್‌ಸ್ಟನ್ ಕ್ರಿಸ್‌ಮಸ್’ ಎಂದೇ ಕರೆಯುತ್ತಾರೆ.

ಮಗಳು ಒಂದೆರಡು ದಿನ ಮೊದಲೇ ಆ ಬೀದಿಗಳಲ್ಲಿ ಸುತ್ತಾಡಲಿ. ಮಳೆ ಬಿದ್ದರೆ ಸಾಮಾನು ಹಾಳು, ಕಸದ ಲಾರಿ ಬಂದರೆ ಎಲ್ಲವೂ ಪುಡಿ. ಫುಟ್‌ಪಾತಿನ ಅಂಚಿಗೆ ತಂದಿಟ್ಟದ್ದು ಸಾಮಾನ್ಯವಾಗಿ ಬಿಟ್ಟುಕೊಟ್ಟದ್ದೇ. ಮನೆಯ ಮೆಟ್ಟಿಲಲ್ಲೋ ಅಂಗಳದಲ್ಲೋ ಇದ್ದರೆ ಮಾತ್ರ ಕೇಳಿಯೇ ಮುಟ್ಟಬೇಕು.

ಎಚ್ಚರ ವಹಿಸಬೇಕಾದದ್ದು ತಿಗಣೆಯ ವಿಷಯದಲ್ಲಿ. ಹಾಸಿಗೆ, ಸೋಫಾ, ಮೆತ್ತೆಯ ಕುರ್ಚಿ ಎಷ್ಟೇ ಚೆನ್ನಾಗಿ ಕಂಡರೂ ಬೇಡ. ಊಟ ಸಿಗದಿದ್ದರೂ ತಿಗಣೆ ತಿಂಗಳುಗಟ್ಟಲೆ ಬದುಕುತ್ತದೆ; ಒಮ್ಮೆ ಹೊಕ್ಕರೆ ಓಡಿಸಲು ಆಗುವ ಖರ್ಚಿನಲ್ಲಿ ಹೊಸ ಹಾಸಿಗೆಯೇ ಬಂದೀತು. ಮರ, ಕಬ್ಬಿಣ, ಗಾಜು, ಸ್ಟೀಲಿನ ಸಾಮಾನು ವಾಸಿ. ಮರದ್ದಾದರೆ ಸ್ಕ್ರೂ ತೂತು, ಸಂದು, ಡ್ರಾಯರಿನ ತಳ ಇವನ್ನು ಮೊಬೈಲಿನ ಬೆಳಕಲ್ಲಿ ನೋಡಲಿ. ಕಪ್ಪು ಚುಕ್ಕೆಗಳಿದ್ದರೆ ಅಲ್ಲೇ ಬಿಟ್ಟು ಬರಲಿ. ಬಟ್ಟೆಬರೆ ಸಿಕ್ಕರೆ ಚೀಲ ಕಟ್ಟಿ ತಂದು, ಒಣಗಿಸುವ ಯಂತ್ರದಲ್ಲಿ ಹೆಚ್ಚು ಶಾಖಕ್ಕೆ ಅರ್ಧ ಗಂಟೆ ಹಾಕಿದ ಮೇಲೆಯೇ ಬಳಸಲಿ.

ಅಡುಗೆಮನೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಇಲ್ಲಿಂದ ಹೊತ್ತೊಯ್ದ ಮಿಕ್ಸಿ ಅಲ್ಲಿ ಸರಿಯಾಗಿ ಓಡದು. ಅಲ್ಲಿ ಯಾರಾದರೂ ಬಿಟ್ಟುಕೊಡುವ ರೈಸ್ ಕುಕ್ಕರೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವೈರು ಸುಟ್ಟಿಲ್ಲ, ಸೀಳಿಲ್ಲ ಎಂದು ನೋಡಿಕೊಂಡರಾಯಿತು.

ಆ ದಿನ ತಪ್ಪಿದರೂ ದಾರಿಗಳಿವೆ. 2003ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಶುರುವಾದ ‘ಫ್ರೀಸೈಕಲ್’, 2013ರಲ್ಲಿ ಸಿಯಾಟಲ್ ಬಳಿಯ ಬೇನ್‌ಬ್ರಿಜ್ ದ್ವೀಪದಲ್ಲಿ ಇಬ್ಬರು ಮಹಿಳೆಯರು ಆರಂಭಿಸಿದ ‘ಬೈ ನಥಿಂಗ್’ – ಎರಡರಲ್ಲೂ ನೆರೆಹೊರೆಯವರು ಬೇಕಾದದ್ದನ್ನು ಕೇಳುತ್ತಾರೆ, ಬೇಡವಾದದ್ದನ್ನು ಕೊಡುತ್ತಾರೆ, ದುಡ್ಡಿನ ಮಾತಿಲ್ಲ. ‘ರಿಯಲಿ ರಿಯಲಿ ಫ್ರೀ ಮಾರ್ಕೆಟ್’ ಎಂಬ ಹೆಸರಿನಲ್ಲಿ ಪಾರ್ಕುಗಳಲ್ಲಿ ಉಚಿತ ಸಂತೆಗಳೂ ಅಮೆರಿಕದ ಹಲವು ಊರುಗಳಲ್ಲಿ ನಡೆಯುತ್ತವೆ. ಎಲ್ಲಕ್ಕಿಂತ ಮೊದಲು, ಓದು ಮುಗಿಸಿ ಹೊರಡುತ್ತಿರುವ ನಮ್ಮ ಕಡೆಯ ಹಿರಿಯ ವಿದ್ಯಾರ್ಥಿಗಳನ್ನು ಈಗಲೇ ವಿಚಾರಿಸಲಿ.

ಇನ್ನು ನಿಮ್ಮ ಸಂಕೋಚದ ಮಾತು. ನಮ್ಮಲ್ಲೂ ಒಂದೇ ತೊಟ್ಟಿಲು ಅಕ್ಕನ ಮನೆಯಿಂದ ತಂಗಿಯ ಮನೆಗೆ, ಅಲ್ಲಿಂದ ಸೋದರತ್ತೆಯ ಮನೆಗೆ ಹೋಗಿ ಎಷ್ಟು ಮಕ್ಕಳನ್ನು ತೂಗಿಲ್ಲ? ಅಲ್ಲಿ ಕೊಡುವವರು ಅಪರಿಚಿತರು ಎನ್ನುವುದಷ್ಟೇ ವ್ಯತ್ಯಾಸ. ಗಟ್ಟಿಮುಟ್ಟಾದ ಮೇಜೊಂದು ಕಸದ ಪಾಲಾಗದೆ ಓದುವ ಹುಡುಗಿಗೆ ಆಸರೆಯಾದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಒಂದು ಕೋರಿಕೆ ಮಾತ್ರ ಇದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2022ರ ನವೆಂಬರ್ 1ರಿಂದ ಹಾಸಿಗೆಯನ್ನು ಕಸಕ್ಕೆ ಎಸೆಯುವಂತಿಲ್ಲ. ಮಗಳು ಮನೆ ಬಿಡುವ ವರ್ಷ ಕೊನೆಯ ರಾತ್ರಿಯವರೆಗೆ ಕಾಯದೆ, ತಿಂಗಳು ಮೊದಲೇ ತನ್ನ ಸಾಮಾನನ್ನು ಹೊಸದಾಗಿ ಬರುವವರ ಕೈಗೇ ಕೊಟ್ಟು ಹೊರಡಲಿ.