ಲೆಕ್ಕದ ಎರಡನೆಯ ಪ್ರತಿ

ಫೋರ್ಟಿನಲ್ಲಿ ನಮ್ಮವರ ಅನೇಕ ಹೋಟೆಲು, ಅಂಗಡಿಗಳ ಲೆಕ್ಕವು ಈಗ ಕಂಪ್ಯೂಟರಿನಲ್ಲಿದೆ. ಗಲ್ಲಾಪೆಟ್ಟಿಗೆಗೆ ತಪ್ಪದೆ ಬೀಗ ಹಾಕುವ ನಾವು ಉದ್ರಿಯ ಲೆಕ್ಕವನ್ನು ಕಾಯಲು ಮರೆಯುತ್ತೇವೆ. ಲೆಕ್ಕವೇ ಅಳಿದರೆ ಬಾಕಿಯನ್ನು ಯಾರಲ್ಲಿ, ಎಷ್ಟೆಂದು ಕೇಳುವುದು?

2005ರ ಜುಲೈ 26ರ ಮಳೆಯನ್ನು ನೆನೆಯೋಣ. 24 ಗಂಟೆಗಳಲ್ಲಿ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರು ಸುರಿಯಿತು. ಕೊಲಾಬಾದಲ್ಲಿ ಸುಮಾರು 73 ಮಾತ್ರ. ಮುಂಬಯಿ ಒಂದೇ, ಪಾಡು ಎರಡು. ಆದುದರಿಂದ ಲೆಕ್ಕದ ಪ್ರತಿಯನ್ನು ಅದೇ ಮೇಜಿನ ಡ್ರಾಯರಿನಲ್ಲಿಡಬಾರದು. ನೀರು, ಬೆಂಕಿ, ಕಳ್ಳ, ಯಾವುದು ಬಂದರೂ ಎರಡೂ ಹೋಗುವುವು.

ಎರಡು ಪೆನ್‌ಡ್ರೈವುಗಳನ್ನು ಇಟ್ಟುಕೊಳ್ಳೋಣ. ರಾತ್ರಿ ಒಂದಕ್ಕೆ ಪ್ರತಿ ತೆಗೆದು ಮನೆಗೊಯ್ಯಬೇಕು. ಮರುದಿನ ಇನ್ನೊಂದನ್ನು ತರಬೇಕು. ಒಂದು ಸದಾ ಮನೆಯಲ್ಲಿರತಕ್ಕದ್ದು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದುಕೊಳ್ಳದ ಪ್ರತಿ ಇದ್ದೂ ಇಲ್ಲದಂತೆ.