ಸೀಮೆಸುಣ್ಣದ ಬೆಟ್ಟಗಳಲ್ಲಿ ಒಂದು ದಿನದ ಕಾಲ್ನಡೆ

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿಯದವರು ಒಬ್ಬರೂ ಇರಲಾರರು. ಸೀಮೆ ಎಂಬ ಮಾತು ಇಲ್ಲಿ ಕಡಲಾಚೆಯ ದೇಶವನ್ನು ಸೂಚಿಸುವುದು. ಈಗ ಕರಿಹಲಗೆಯ ಕಡ್ಡಿಗಳನ್ನು ಹೆಚ್ಚಾಗಿ ಜಿಪ್ಸಮ್ ಎಂಬ ಬೇರೊಂದು ಖನಿಜದಿಂದ ಮಾಡುವರಾದರೂ, ನಿಜವಾದ ಸೀಮೆಸುಣ್ಣವು ಮೆತ್ತನೆಯ ಬಿಳಿಯ ಕಲ್ಲು. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಈ ಕಲ್ಲಿನಿಂದಲೇ ಆದ ಬೆಟ್ಟಸಾಲುಗಳುಂಟು. ಅವುಗಳಲ್ಲಿ ಒಂದನ್ನು ಮುಂಜಾನೆ ಹತ್ತಿ, ಕಾಡನ್ನು ದಾಟಿ, ಹಳ್ಳಿಗಳನ್ನು ಹಾದು, ಸಾಯಂಕಾಲಕ್ಕೆ ಹೊರಟಲ್ಲಿಗೇ ಮರಳಿ ಬಂದರೆ ಏನೇನು ಕಲಿಯಬಹುದೆಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲು ಆ ಕಲ್ಲಿನ ಹುಟ್ಟನ್ನು ತಿಳಿಯಬೇಕು. ಸುಮಾರು 10 ಕೋಟಿ ವರ್ಷಗಳ ಹಿಂದಿನಿಂದ ಮೊದಲುಗೊಂಡು ಕೋಟ್ಯಂತರ ವರ್ಷಗಳ ಕಾಲ ಆ ಸೀಮೆಯ ಮೇಲೆ ಬೆಚ್ಚನೆಯ ಸಮುದ್ರವಿತ್ತು. ಅದರಲ್ಲಿ ತೇಲುತ್ತಿದ್ದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಸತ್ತಾಗ ಅವುಗಳ ಸುಣ್ಣದ ಕವಚಗಳು ತಳಕ್ಕೆ ಇಳಿದು, ಪದರದ ಮೇಲೆ ಪದರವಾಗಿ ಗಟ್ಟಿಯಾದವು. ಬಳಿಕ ಭೂಮಿಯ ಚಲನೆಯಿಂದ ಆ ತಳವೇ ಮೇಲೆದ್ದು ಬೆಟ್ಟವಾಯಿತು. ಆದದರಿಂದ ಅಲ್ಲಿ ನಡೆಯುವವರು ಹಳೆಯ ಕಡಲಿನ ತಳದ ಮೇಲೆಯೇ ನಡೆಯುತ್ತಾರೆ.

ಲಂಡನ್ ಪಟ್ಟಣಕ್ಕೆ ವಾಯವ್ಯದಲ್ಲಿ ಚಿಲ್ಟರ್ನ್ ಬೆಟ್ಟಗಳಿವೆ. ಅವುಗಳ ಬುಡದಲ್ಲಿರುವ ವೆಂಡೋವರ್ ಎಂಬ ಸಣ್ಣ ಪೇಟೆಗೆ 1892ರಲ್ಲಿ ರೈಲುದಾರಿಯು ಬಂತು. ಅಲ್ಲಿಂದ ಹೊರಟು ಅಲ್ಲಿಗೇ ಮರಳುವ ಸುಮಾರು 10 ಮೈಲಿಗಳ ಸುತ್ತುದಾರಿಯನ್ನು ಆರಿಸಿಕೊಳ್ಳೋಣ. ಮೊದಲ ಏರಿಕೆಯು ರಿಜ್‌ವೇ ಎಂಬ ದಾರಿಯ ಒಂದು ಭಾಗ. ಬೆಟ್ಟಗಳ ನೆತ್ತಿಯನ್ನು ಹಿಡಿದು ಬಹು ಪುರಾತನ ಕಾಲದಿಂದ ಜನರು ತುಳಿದ ಹಾದಿಗಳನ್ನು ಕೂಡಿಸಿ, 1973ರಲ್ಲಿ ಇದನ್ನು 87 ಮೈಲಿಗಳ ರಾಷ್ಟ್ರೀಯ ಕಾಲುದಾರಿಯಾಗಿ ತೆರೆದರು.

ಹೀಗೆ ಏರಿದರೆ ಕೂಂಬ್ ಹಿಲ್ ಎಂಬ 852 ಅಡಿ ಎತ್ತರದ ಗುಡ್ಡವು ಸಿಕ್ಕುವುದು. ಅದರ ತುದಿಯಲ್ಲಿ, 1899ರಿಂದ 1902ರ ವರೆಗೆ ನಡೆದ ಬೋಯರ್ ಯುದ್ಧದಲ್ಲಿ ಮಡಿದ ಬಕಿಂಗ್‌ಹ್ಯಾಮ್ ಸೀಮೆಯ ಯೋಧರ ಸ್ಮಾರಕವಿದೆ. ಅದನ್ನು 1904ರಲ್ಲಿ ನಿಲ್ಲಿಸಿದರು. ಕೆಳಗೆ ಐಲ್ಸ್‌ಬರಿಯ ಬಯಲು ಹಾಸಿದಂತೆ ಕಾಣುವುದು. ಇಲ್ಲಿಯ ಮಣ್ಣು ತೆಳ್ಳಗೆ, ಹುಲ್ಲು ಗಿಡ್ಡ. ಕುರಿಗಳೂ ಮೊಲಗಳೂ ಮೇಯುತ್ತಿರುವುದರಿಂದಲೇ ಪೊದೆಗಳು ಹಬ್ಬದೆ ಸಣ್ಣ ಹೂಗಿಡಗಳಿಗೆ ಬೆಳಕು ದೊರೆಯುತ್ತದೆ. ಆಕಾಶದಲ್ಲಿ ಕವಲುಬಾಲದ ಕೆಂಪು ಹದ್ದು ಸುಳಿಯುತ್ತಿರುವುದು. ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ಕೊನೆಗೆ ಅಳಿದುಹೋಗಿದ್ದ ಈ ಹಕ್ಕಿಯನ್ನು, 1989ರಿಂದ 1994ರ ವರೆಗೆ ಸ್ಪೇನ್ ದೇಶದಿಂದ ಮರಿಗಳನ್ನು ತಂದು, ಈ ಬೆಟ್ಟಗಳಲ್ಲಿ ಪುನಃ ನೆಲೆಗೊಳಿಸಿದರು.

ಮುಂದೆ ಬೀಚ್ ಮರಗಳ ಕಾಡು. ಪೂರ್ವದಲ್ಲಿ ಬಡ ಕಸಬುದಾರರು ಈ ಕಾಡುಗಳಲ್ಲಿ ಗುಡಿಸಲು ಹಾಕಿ, ಕಾಲಿನಿಂದ ತುಳಿದು ಆಡಿಸುವ ಯಂತ್ರದಲ್ಲಿ ಕುರ್ಚಿಯ ಕಾಲುಗಳನ್ನು ಕಡೆದು, ದಕ್ಷಿಣದ ಹೈ ವಿಕಮ್ ಪಟ್ಟಣದ ಕಾರ್ಖಾನೆಗಳಿಗೆ ಕಳುಹಿಸುತ್ತಿದ್ದರು.

ಕಾಡನ್ನು ದಾಟಿದೊಡನೆ ಒಂದು ವಿಶೇಷವನ್ನು ಕಾಣುವೆವು. ಚೆಕರ್ಸ್ ಎಂಬ ಬಂಗಲೆಯನ್ನೂ ಅದರ ಜಮೀನನ್ನೂ ಆರ್ಥರ್ ಲೀ ಎಂಬವರು ರಾಷ್ಟ್ರಕ್ಕೆ ದಾನವಾಗಿ ಕೊಟ್ಟರು. 1917ರಲ್ಲಿ ಅದಕ್ಕೆ ಕಾನೂನಾಯಿತು. 1921ರಿಂದ ಅದು ಬ್ರಿಟನ್ನಿನ ಪ್ರಧಾನಮಂತ್ರಿಗಳ ಹಳ್ಳಿಮನೆ. ನಮ್ಮ ಕಾಲುದಾರಿಯು ಆ ಮನೆಗೆ ಹೋಗುವ ರಸ್ತೆಯನ್ನೇ ಅಡ್ಡಹಾಯುತ್ತದೆ! ಕಾವಲಿನ ಕಣ್ಣು ಅಲ್ಲಿ ಸದಾ ಇರುವುದು; ದಾರಿಯನ್ನು ಬಿಟ್ಟು ಒಳಗೆ ಹೋಗುವುದು ಅಪರಾಧ. ಆದರೆ ದಾರಿಯ ಮೇಲೆ ನಡೆಯುವವರನ್ನು ಯಾರೂ ತಡೆಯುವಂತಿಲ್ಲ.

ಅಲ್ಲಿಂದ ಇಳಿದರೆ ಗ್ರೇಟ್ ಕಿಂಬಲ್ ಎಂಬ ಹಳ್ಳಿ. ಒಂದನೆಯ ಚಾರ್ಲ್ಸ್ ಅರಸನು ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ, ಕಡಲತೀರದ ಊರುಗಳು ಕೊಡುತ್ತಿದ್ದ ಹಡಗು ತೆರಿಗೆಯನ್ನು 1635ರಲ್ಲಿ ಒಳನಾಡಿನ ಮೇಲೆಯೂ ಹೊರಿಸಿದಾಗ, ಅದನ್ನು ಕೊಡೆವೆಂದ ಜನರ ಪಟ್ಟಿಯು ಈ ಊರಿನದಾಗಿತ್ತು. ಅವರಲ್ಲಿ ಮೊದಲಿಗನು ಜಾನ್ ಹ್ಯಾಂಪ್ಡನ್. ಹಿಂದೆ ವೆಂಡೋವರಿನ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಕುಳಿತಿದ್ದವನು. ಮೊಕದ್ದಮೆಯು ಕೇವಲ 20 ಷಿಲಿಂಗುಗಳದು. 1638ರಲ್ಲಿ ಹನ್ನೆರಡು ಮಂದಿ ನ್ಯಾಯಾಧೀಶರಲ್ಲಿ ಏಳು ಮಂದಿ ಅರಸನ ಪಕ್ಷವನ್ನು ಹಿಡಿದದರಿಂದ ಅವನು ಸೋತನು. ಆದರೂ 1641ರಲ್ಲಿ ಪಾರ್ಲಿಮೆಂಟು ಆ ತೆರಿಗೆಯನ್ನೇ ಅಕ್ರಮವೆಂದು ಸಾರಿತು.

ಇನ್ನು ಬೆಟ್ಟದ ಬುಡವನ್ನು ಹಿಡಿದು ಎಲ್ಸ್‌ಬರೊ ಹಳ್ಳಿಯ ಮೂಲಕ ಹಿಂದಿರುಗುವೆವು. ಊರುಗಳೆಲ್ಲ ಒಂದೇ ಸಾಲಿನಲ್ಲಿ ಇರುವುದೇಕೆ? ಸೀಮೆಸುಣ್ಣದ ಬೆಟ್ಟದ ಮೇಲೆ ಬಿದ್ದ ಮಳೆಯು ನಿಲ್ಲುವುದಿಲ್ಲ. ಬಿರುಕುಗಳ ಮೂಲಕ ಒಳಕ್ಕೆ ಇಂಗುವುದು. ಕೆಳಗಿನ ಜೇಡಿಮಣ್ಣು ಅದನ್ನು ತಡೆಯುವುದರಿಂದ ಬೆಟ್ಟದ ಬುಡದಲ್ಲಿ ಒರತೆಗಳಾಗಿ ಹೊರಬರುವುದು. ನೀರಿದ್ದಲ್ಲಿ ಊರು; ಊರಿಂದ ಊರಿಗೆ ದಾರಿ. ವೆಂಡೋವರಿನ ಒರತೆಗಳ ನೀರನ್ನು 18ನೆಯ ಶತಮಾನದ ಕೊನೆಯಲ್ಲಿ ದೋಣಿಗಳ ಕಾಲುವೆಗೂ ಒಯ್ದರು. ಸೀಮೆಸುಣ್ಣದ ಪದರಗಳಲ್ಲಿ ಗಂಟುಗಂಟಾಗಿ ಸಿಕ್ಕುವ ಚಕಮಕಿ ಕಲ್ಲಿನಿಂದ ಗುಡಿಗೋಪುರಗಳ ಗೋಡೆಗಳನ್ನು ಕಟ್ಟಿದರು.

ಈ ಸುತ್ತುದಾರಿಯ ಬಹುಪಾಲು ಹೊಲಗಳ ಮತ್ತು ಕಾಡುಗಳ ನಡುವೆ, ಪರರ ಭೂಮಿಯ ಮೇಲೆ ಹೋಗುವುದು. ಹಾಗಾದರೆ ನಡೆಯುವ ಹಕ್ಕು ಎಲ್ಲಿಂದ ಬಂತು? ನಡೆದವರಿಂದಲೇ. ಯಾರ ಅಪ್ಪಣೆಯನ್ನೂ ಬೇಡದೆ, ಬಲಾತ್ಕಾರವಿಲ್ಲದೆ, ಬಹಿರಂಗವಾಗಿ ಜನರು 20 ವರ್ಷ ನಡೆದಿದ್ದರೆ, ಒಡೆಯನು ಬೇರೆ ಉದ್ದೇಶವನ್ನು ತೋರಿಸಿರದ ಪಕ್ಷದಲ್ಲಿ, ಆ ಹಾದಿಯು ಸಾರ್ವಜನಿಕವೆಂದು 1932ರ ಕಾನೂನು ಹೇಳಿತು. ಆ ನಿಯಮವು ಈಗಲೂ ನಡೆಯುತ್ತಿದೆ. ಇಂಥ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಬೇಕೆಂದು 1949ರ ಕಾನೂನು ಸೀಮೆಯ ಆಡಳಿತಗಳಿಗೆ ವಿಧಿಸಿತು. ಒಕ್ಕಲಿಗನು ತನ್ನ ಹೊಲದ ನಡುವಿನ ಕಾಲುದಾರಿಯನ್ನು ಉಳುಮೆಗಾಗಿ ಕೆಡಿಸಿದರೆ, ಸಾಧಾರಣವಾಗಿ 14 ದಿನಗಳೊಳಗೆ ಸರಿಪಡಿಸಿ ಕೊಡಬೇಕು. ಈಗ ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಲ್ಲಿ ಇಂಥ ದಾರಿಗಳ ಒಟ್ಟು ಉದ್ದವು ಸುಮಾರು 1,40,000 ಮೈಲಿಗಳು.

ಆದರೆ ಕಾನೂನು ಎಷ್ಟಿದ್ದರೂ, ಯಾರೂ ತುಳಿಯದ ಹಾದಿಯನ್ನು ಮುಳ್ಳು ಮುಚ್ಚುವುದು; ಮುಳ್ಳು ಮುಚ್ಚಿದುದನ್ನು ಜನರು ಮರೆಯುವರು; ಮರೆತುದನ್ನು ಯಾರೂ ಕೇಳರು. ಒಬ್ಬ ಮುದುಕಿಯು ಮಗಳ ಮನೆಗೆ ನಡೆದುದು, ಒಬ್ಬ ಹುಡುಗಿಯು ಶಾಲೆಗೆ ನಡೆದುದು, ಇವೇ ಕೂಡಿ ಪ್ರಧಾನಮಂತ್ರಿಯ ಮನೆಯ ಮುಂದೆಯೂ ನಿಲ್ಲುವ ಹಕ್ಕಾಗುತ್ತವೆ. ತಂದೆತಾಯಿಗಳೇ, ಭೂಗೋಳವೆಂಬುದು ಪುಸ್ತಕದಲ್ಲಿ ಓದಿ ಮುಗಿಯುವಂಥದಲ್ಲ. ಮಕ್ಕಳನ್ನು ಒಂದು ದಿನ ನಡೆಸಿಕೊಂಡು ಹೋಗಿರಿ. ಕಲ್ಲು ಯಾವುದು, ನೀರು ಎಲ್ಲಿಂದ, ಊರು ಇಲ್ಲೇಕೆ, ದಾರಿ ಯಾರದು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಉತ್ತರಗಳನ್ನು ಅವರ ಕಾಲುಗಳೇ ಕಲಿಸಿಕೊಡುವವು.